ಗಿಡಕ್ಕೊಂದು ಹೆಸರು, ಹೆಸರಿಗೊಂದು ಫಲಕ

ನಮ್ಮ ದೇಶದಲ್ಲಿ ವನಮಹೋತ್ಸವವು 1950ರಲ್ಲಿ ಆರಂಭವಾಯಿತು. ಅಂದಿನಿಂದ ಇಂದಿನವರೆಗೆ ಪ್ರತಿವರ್ಷವೂ ಮಳೆಗಾಲ ಕಾಲಿಟ್ಟೊಡನೆ ಶಾಲೆ ಕಾಲೇಜುಗಳ ಆವರಣದಲ್ಲಿ ಸಸಿಗಳನ್ನು ನೆಡುವ ಸಂಭ್ರಮ ನಡೆಯುತ್ತಲೇ ಇದೆ. ಆ ಸಮಾರಂಭಗಳ ನೆನಪಿಗಾಗಿ ಹಾಕಿಸಿದ ಕಲ್ಲುಗಳನ್ನು ವಿದ್ಯಾರ್ಥಿಮಿತ್ರರು ಒಮ್ಮೆ ಓದಿ ನೋಡಬೇಕು. ಸಸಿಯನ್ನು ನೆಟ್ಟ ಅತಿಥಿಗಳ ಹೆಸರು, ಅವರ ಪದವಿ, ಅಂದಿನ ತಾರೀಖು ಎಲ್ಲವೂ ಅಂದವಾಗಿ ಕೆತ್ತಲ್ಪಟ್ಟಿರುತ್ತವೆ. ನೆಡಲ್ಪಟ್ಟ ಗಿಡ ಯಾವುದು ಎಂಬ ಒಂದು ಮಾತು ಮಾತ್ರ ಅಲ್ಲಿರುವುದಿಲ್ಲ. ಗಿಡಕ್ಕೂ ಒಂದು ಹೆಸರುಂಟು, ಅದನ್ನು ಬರೆದಿಡುವುದೂ ನೆಡುವ ಕೆಲಸದ ಒಂದು ಭಾಗ ಎಂಬುದನ್ನು ನಾವು ಇನ್ನೂ ಮನಗಂಡಂತೆ ಕಾಣುವುದಿಲ್ಲ.

ಹಾಗಾದರೆ ನಮ್ಮ ತೋಟಗಳಲ್ಲಿ ಗಿಡಗಳ ಹೆಸರು ಎಲ್ಲಿ ಉಳಿದಿದೆ? ಬಹುಮಟ್ಟಿಗೆ ತೋಟದ ಮಾಲಿಯ ತಲೆಯಲ್ಲಿ. ಇಲ್ಲವೇ ಸಸ್ಯಶಾಸ್ತ್ರದ ಒಬ್ಬ ಹಿರಿಯ ಅಧ್ಯಾಪಕರ ನೆನಪಿನಲ್ಲಿ. ಮಾಲಿ ನಿವೃತ್ತನಾಗುತ್ತಾನೆ, ಅಧ್ಯಾಪಕರು ವರ್ಗವಾಗಿ ಹೋಗುತ್ತಾರೆ. ಮರ ಅಲ್ಲಿಯೇ ನಿಂತಿರುತ್ತದೆ. ಅದರ ಹೆಸರು ಮಾತ್ರ ಊರು ಬಿಟ್ಟಿರುತ್ತದೆ.

ಹೆಸರು ಹೋದರೆ ಗಿಡವೇನು ಹೂಬಿಡುವುದನ್ನು ನಿಲ್ಲಿಸುವುದೇ ಎಂದು ಕೆಲವರು ಕೇಳಬಹುದು. ನಿಲ್ಲಿಸುವುದಿಲ್ಲ, ನಿಜ. ಆದರೆ ಆ ಗಿಡದ ವಿಷಯವಾಗಿ ಮನುಷ್ಯರು ಇದುವರೆಗೆ ಕಂಡುಕೊಂಡ ಸಂಗತಿಗಳೆಲ್ಲವೂ ಅದರ ಹೆಸರಿನ ಅಡಿಯಲ್ಲಿಯೇ ಗ್ರಂಥಗಳಲ್ಲಿ ದಾಖಲಾಗಿವೆ. ಅದರ ತವರು ಯಾವುದು, ಯಾವ ರೋಗ ಅದಕ್ಕೆ ತಗಲುತ್ತದೆ, ಅದರಿಂದ ಔಷಧ ದೊರೆಯುವುದೋ ವಿಷ ದೊರೆಯುವುದೋ ಎಂಬುದನ್ನು ತಿಳಿಯಲು ಹೆಸರೇ ಬೀಗದ ಕೈ. ಅದು ಕಳೆದುಹೋದರೆ ಪುಸ್ತಕದಲ್ಲಿರುವ ಅರಿವಿಗೂ ಕಣ್ಣೆದುರಿನ ಗಿಡಕ್ಕೂ ಸಂಬಂಧವೇ ಕಡಿದುಹೋಗುತ್ತದೆ.

ತಪ್ಪು ಹೆಸರಿನಿಂದಾಗುವ ಕೇಡು ಇನ್ನೂ ಹೆಚ್ಚಿನದು. ಅಶೋಕವೃಕ್ಷದ ಉದಾಹರಣೆಯನ್ನೇ ನೋಡೋಣ. ನಗರಗಳ ರಸ್ತೆಯಂಚಿನಲ್ಲಿಯೂ ಕಚೇರಿಗಳ ಮುಂದೆಯೂ ಕಂಬದಂತೆ ನೆಟ್ಟಗೆ ಬೆಳೆದು, ಅಲೆಯಂಚಿನ ಉದ್ದನೆಯ ಎಲೆಗಳನ್ನು ಇಳಿಬಿಟ್ಟಿರುವ ಮರವನ್ನು ಜನರು ಅಶೋಕವೆಂದು ಕರೆಯುತ್ತಾರೆ. ಕಾವ್ಯಗಳಲ್ಲಿ ಬರುವ, ವೈದ್ಯರು ತೊಗಟೆಯನ್ನು ಬಳಸುವ ಅಶೋಕ ಅದಲ್ಲ. ನಿಜವಾದ ಅಶೋಕದ ಶಾಸ್ತ್ರೀಯ ನಾಮ ಸರಾಕ ಅಶೋಕ. ಅದರದು ಸಂಯುಕ್ತ ಪತ್ರ. ಕೆಂಪು ಕಿತ್ತಳೆ ಬಣ್ಣದ ಹೂಗೊಂಚಲು. ಕಾಯಿ ಚಪ್ಪಟೆಯಾದ ಕೋಡು. ಅದು ಹುಣಿಸೆಯ ನಂಟ. ರಸ್ತೆಯಂಚಿನ ಮರವಾದರೋ ಸೀತಾಫಲದ ಕುಟುಂಬಕ್ಕೆ ಸೇರಿದುದು. ಅದರ ಹೂವು ಹಸುರು ಬಣ್ಣದ್ದು, ಎಲೆಗಳ ನಡುವೆ ಕಣ್ಣಿಗೆ ಬೀಳುವುದೇ ಕಷ್ಟ. ಹೀಗಿದ್ದೂ ಒಂದರ ತೊಗಟೆಗೆ ಮತ್ತೊಂದರ ತೊಗಟೆ ಬೆರೆತು ಅಂಗಡಿಗೆ ಬರುವುದುಂಟು. ಹೆಸರು ಒಂದೇ ಆದುದರಿಂದ ಕೊಳ್ಳುವವನಿಗೆ ಸಂಶಯವೂ ಹುಟ್ಟುವುದಿಲ್ಲ.

ಬ್ರಾಹ್ಮಿಯ ಕಥೆಯೂ ಇಂತಹುದೇ. ನಮ್ಮ ಮಲೆನಾಡಿನ ಮನೆಗಳಲ್ಲಿ ತಂಬುಳಿಗೆ ಬಳಸುವ ಒಂದೆಲಗವನ್ನು ಹಲವರು ಬ್ರಾಹ್ಮಿಯೆನ್ನುತ್ತಾರೆ. ಅದು ಕೊತ್ತಂಬರಿಯ ಕುಟುಂಬದ್ದು. ಜೌಗು ನೆಲದಲ್ಲಿ ಹರಡುವ, ಪುಟ್ಟ ದಪ್ಪ ಎಲೆಗಳ ನೀರುಬ್ರಾಹ್ಮಿಯೂ ಬ್ರಾಹ್ಮಿಯೇ. ಎರಡರಲ್ಲಿರುವ ರಾಸಾಯನಿಕ ವಸ್ತುಗಳು ಬೇರೆ ಬೇರೆ. ಕೇವಲ ‘ಬ್ರಾಹ್ಮಿ’ ಎಂದು ಬರೆದ ಫಲಕವು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಈ ಗೊಂದಲಕ್ಕೆ ಪರಿಹಾರವನ್ನು ಒದಗಿಸಿದವನು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. 1753ರಲ್ಲಿ ಪ್ರಕಟವಾದ ಆತನ ‘ಸ್ಪೀಷೀಸ್ ಪ್ಲಾಂಟಾರಮ್’ ಎಂಬ ಗ್ರಂಥದಲ್ಲಿ ಸುಮಾರು 6,000 ಬಗೆಯ ಸಸ್ಯಗಳಿಗೆ ಎರಡೆರಡು ಪದಗಳ ಹೆಸರುಗಳಿವೆ. ಅದಕ್ಕೆ ಮೊದಲು ಒಂದು ಗಿಡದ ಹೆಸರೆಂದರೆ ಒಂದು ಸಾಲಿನಷ್ಟು ಉದ್ದದ ಲ್ಯಾಟಿನ್ ವರ್ಣನೆ! ಹಾಗೆಂದು ದೇಶಭಾಷೆಯ ಹೆಸರುಗಳು ತುಚ್ಛವೆಂದು ನಾವು ಹೇಳುತ್ತಿಲ್ಲ. ಲಿನೇಯಸ್ಸನಿಗೂ ಮೊದಲೇ, 1678ರಿಂದ 1693ರವರೆಗೆ, ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ ಎಂಬ ಗ್ರಂಥದಲ್ಲಿ ಮಲಬಾರಿನ 700ಕ್ಕೂ ಹೆಚ್ಚು ಸಸ್ಯಗಳ ವರ್ಣನೆಯುಂಟು. ಡಚ್ ಅಧಿಕಾರಿ ವಾನ್ ರೀಡೆ ಅದನ್ನು ಸಿದ್ಧಪಡಿಸಿದಾಗ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ ಮೂವರು ಕೊಂಕಣಿ ಪಂಡಿತರೂ ನೆರವಾದರು. ಅಲ್ಲಿನ ಚಿತ್ರಗಳ ಮೇಲೆ ಸಸ್ಯದ ಹೆಸರು ಲ್ಯಾಟಿನ್ ಲಿಪಿಯಲ್ಲಿ ಮಾತ್ರವಲ್ಲದೆ ನಮ್ಮ ದೇಶದ ಲಿಪಿಗಳಲ್ಲಿಯೂ ಇದೆ. ಚಿತ್ರ ಮತ್ತು ಹೆಸರು ಒಂದೆಡೆ ಇದ್ದುದರಿಂದಲೇ ಮುನ್ನೂರು ವರ್ಷಗಳ ಅನಂತರವೂ ಯಾವ ಹೆಸರು ಯಾವ ಗಿಡದ್ದೆಂದು ವಿದ್ವಾಂಸರು ಗುರುತಿಸಬಲ್ಲವರಾಗಿದ್ದಾರೆ. ಶಾಸ್ತ್ರೀಯ ನಾಮ ಲೋಕಕ್ಕೆಲ್ಲ ತಿಳಿಯುವ ಹೆಸರು. ಊರಿನ ಹೆಸರು ನಮ್ಮ ಹಿರಿಯರ ಅನುಭವದ ಹೆಸರು. ಫಲಕದ ಮೇಲೆ ಎರಡೂ ಇರಬೇಕೆಂದು ನಮ್ಮ ಅಭಿಪ್ರಾಯ.

ಹಣ್ಣಿನ ಗಿಡಗಳ ವಿಷಯದಲ್ಲಿ ಇಷ್ಟೂ ಸಾಲದು. ಅಲ್ಲಿ ತಳಿಯ ಹೆಸರೂ ಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಮಲ್ಲಿಕಾ, ಅಮ್ರಪಾಲಿ ಎಂಬ ಎರಡು ಮಾವಿನ ತಳಿಗಳಿವೆ. ಎರಡಕ್ಕೂ ತಂದೆತಾಯಿಗಳು ನೀಲಂ ಮತ್ತು ದಶೇರಿ. ಒಂದರಲ್ಲಿ ತಾಯಿಯಾದುದು ಮತ್ತೊಂದರಲ್ಲಿ ತಂದೆ, ಅಷ್ಟೆ. ಅಮ್ರಪಾಲಿ ಗಿಡ್ಡ ಜಾತಿ. ಎರಡೂವರೆ ಮೀಟರ್ ಅಂತರದಲ್ಲಿಯೂ ಅದನ್ನು ಬೆಳೆಯಬಹುದು. ಮಲ್ಲಿಕಾಗೆ ಅಷ್ಟು ಜಾಗ ಏನೇನೂ ಸಾಲದು. ನರ್ಸರಿಯಿಂದ ತಂದ ಎಳೆಯ ಕಸಿಗಿಡಗಳ ಚೀಟಿ ದಾರಿಯಲ್ಲಿ ಕಳಚಿ ಬಿದ್ದಿತೆನ್ನಿ. ಎಲೆಯನ್ನು ನೋಡಿ ತಳಿಯನ್ನು ಹೇಳುವುದು ನುರಿತವರಿಗೂ ಕಷ್ಟ. ಹಣ್ಣು ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ತಪ್ಪು ಅಂತರದಲ್ಲಿ ನೆಟ್ಟ ತೋಟ ಬೆಳೆದು ನಿಂತಿರುತ್ತದೆ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಅಪ್ಪೆಮಿಡಿ ಮಾವುಗಳಿಗೂ ಇದೇ ಮಾತು ಸಲ್ಲುತ್ತದೆ. ಉಪ್ಪಿನಕಾಯಿಗೆ ಹೆಸರಾದ ಅನಂತಭಟ್ಟನ ಅಪ್ಪೆಯಂತಹ ತಳಿಗಳು ಕಸಿಯಿಂದಲೇ ಮುಂದುವರಿಯತಕ್ಕವು. ಕಾಡುಹೊಳೆಯ ದಡದ ಮೂಲವೃಕ್ಷವು ಉರುಳಿದ ಮೇಲೆ, ಕಸಿಗಿಡದ ಕೊರಳಿನಲ್ಲಿರುವ ಹೆಸರೇ ಆ ತಳಿಯ ಗುರುತು.

ತೋಟದಲ್ಲಿ ವಿಷದ ಗಿಡಗಳೂ ಇರುತ್ತವೆಂಬುದನ್ನು ಮರೆಯಲಾಗದು. ಕಣಗಿಲೆ, ಹಳದಿ ಕಣಗಿಲೆಗಳಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಉಮ್ಮತ್ತಿಯ ಬೀಜ ಮತಿಯನ್ನೇ ಕದಡುತ್ತದೆ. ಮಗುವೊಂದು ಏನನ್ನೋ ಅಗಿದು ಅಸ್ವಸ್ಥವಾದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಗಿಡ ಯಾವುದು ಎಂಬುದು. ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಬರೆದಿಡುವುದು ಜಾಣತನ.

ಇನ್ನು ಫಲಕವನ್ನು ಮಾಡುವ ಬಗೆ. ಇದರಲ್ಲಿಯೂ ವಿಜ್ಞಾನವುಂಟು. ಬಣ್ಣದ ಶಾಯಿಯಿಂದ ಬರೆದ ಹೆಸರು ಹೆಚ್ಚು ಕಾಲ ಉಳಿಯುವುದಿಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಶಾಯಿಯ ಅಣುಗಳನ್ನು ಒಡೆಯುತ್ತವೆ. ಪೆನ್ಸಿಲಿನ ಗ್ರಾಫೈಟ್ ಶುದ್ಧ ಇಂಗಾಲ. ಬಿಸಿಲು ಅದನ್ನು ಏನೂ ಮಾಡಲಾರದು. ಸಾಮಾನ್ಯ ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಬಿರುಸಾಗಿ ಮುರಿಯುತ್ತದೆ. ಮರದ ಗೂಟವನ್ನು ಗೆದ್ದಲು ಬಿಡುವುದಿಲ್ಲ. ಅಲ್ಯೂಮಿನಿಯಮ್ ತಗಡು ಇವೆಲ್ಲಕ್ಕಿಂತ ಮೇಲು. ಗಾಳಿ ಸೋಕಿದೊಡನೆ ಅದರ ಮೇಲೆ ಆಕ್ಸೈಡಿನ ತೆಳುವಾದ ಪೊರೆ ಕಟ್ಟಿ, ಒಳಗಿನ ಲೋಹವನ್ನು ಕಾಪಾಡುತ್ತದೆ. ತಂಪು ಪಾನೀಯದ ಖಾಲಿ ಡಬ್ಬಿಯಿಂದ ತಗಡನ್ನು ಕತ್ತರಿಸಿ, ಕೈ ಕೊಯ್ಯದಂತೆ ಅಂಚನ್ನು ಮಡಿಸಿ, ಮೆತ್ತಗಿನ ಕಾಗದದ ಕಟ್ಟಿನ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರಗಳು ತಗಡಿನಲ್ಲಿಯೇ ಮೂಡುತ್ತವೆ. ಅಳಿಸಲು ಅಲ್ಲಿ ಶಾಯಿಯೇ ಇರುವುದಿಲ್ಲ.

ಮರಕ್ಕೆ ಫಲಕವನ್ನು ಕಟ್ಟುವಾಗ ಎಚ್ಚರ ಅಗತ್ಯ. ಮರ ಎತ್ತರವಾಗುವುದು ತುದಿಯ ಕಡೆಯಿಂದ. ಆದುದರಿಂದ ಎದೆಮಟ್ಟದಲ್ಲಿ ಇಟ್ಟ ಫಲಕ ಎಷ್ಟು ವರ್ಷ ಕಳೆದರೂ ಎದೆಮಟ್ಟದಲ್ಲಿಯೇ ಇರುತ್ತದೆ. ಆದರೆ ಕಾಂಡವು ವರ್ಷವರ್ಷವೂ ದಪ್ಪವಾಗುತ್ತದೆ. ಬಿಗಿಯಾಗಿ ಸುತ್ತಿದ ತಂತಿಯು ತೊಗಟೆಯೊಳಗೆ ಹೂತುಹೋಗಿ, ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯನ್ನು ಕತ್ತರಿಸುತ್ತದೆ. ಬೇರು ಹಸಿದು ಮರವೇ ಸಾಯಬಹುದು. ಮೊಳೆ ಹೊಡೆದರೆ ಆ ಗಾಯದ ಮೂಲಕ ಶಿಲೀಂಧ್ರಗಳು ಒಳಸೇರುತ್ತವೆ. ದಪ್ಪ ಮರಕ್ಕೆ ಹಿಗ್ಗುವ ಸ್ಪ್ರಿಂಗನ್ನು ಬಳಸುವುದು, ಎಳೆಯ ಗಿಡಕ್ಕೆ ಕೊಂಬೆಯಿಂದ ಸಡಿಲವಾಗಿ ತೂಗುಬಿಡುವುದು, ಇಲ್ಲವೇ ಬುಡದಲ್ಲಿ ಕಬ್ಬಿಣದ ಸರಳನ್ನು ನೆಟ್ಟು ಅದಕ್ಕೆ ಕಟ್ಟುವುದು ಲೇಸು.

ಆದರೆ ಫಲಕವೊಂದನ್ನೇ ನಂಬುವಂತಿಲ್ಲ. ನೆಲ ಅಗೆಯುವವನು ಕಿತ್ತು ಪಕ್ಕದ ಗಿಡದ ಬಳಿ ಊರಬಹುದು, ಹಸು ಕೆಡಹಬಹುದು, ತಗಡಿನ ಆಸೆಗೆ ಯಾರಾದರೂ ಕೊಂಡೊಯ್ಯಬಹುದು. ಆದುದರಿಂದ ಸಸ್ಯೋದ್ಯಾನಗಳಲ್ಲಿ ಪ್ರತಿಯೊಂದು ಗಿಡಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ಅದು ಎಲ್ಲಿಂದ ಬಂದಿತು, ಎಂದು ನೆಟ್ಟದ್ದು, ಯಾರು ಗುರುತಿಸಿದರು ಎಂಬುದನ್ನೆಲ್ಲ ದಾಖಲೆಯಲ್ಲಿ ಬರೆದಿಡುವ ಪದ್ಧತಿಯಿದೆ. ನಮ್ಮ ಶಾಲೆಗಳಿಗೂ ಇದು ಅಸಾಧ್ಯವಲ್ಲ. ಒಂದು ನೋಟ್ ಪುಸ್ತಕ, ಕಟ್ಟಡದ ಮೂಲೆಯಿಂದ ಹೆಜ್ಜೆಗಳನ್ನು ಎಣಿಸಿ ಬರೆದ ಒಂದು ನಕ್ಷೆ, ಇಷ್ಟಿದ್ದರೆ ಸಾಕು.

ಫಲಕಗಳಿಂದ ತೋಟದ ಅಂದ ಕೆಡುವುದೆಂಬ ಆಕ್ಷೇಪಣೆಯುಂಟು. ಬೆರಳುದ್ದದ ತಗಡು ಎಷ್ಟು ಅಂದವನ್ನು ಕೆಡಿಸೀತು? ಶಾಸ್ತ್ರೀಯ ನಾಮಗಳೇ ಬದಲಾಗುವುವಲ್ಲ ಎಂಬುದು ಮತ್ತೊಂದು ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿದೆ. ಮೇಲೆ ಹೇಳಿದ ರಸ್ತೆಯಂಚಿನ ಮರವನ್ನು ಪಾಲಿಯಾಲ್ತಿಯ ಲಾಂಗಿಫೋಲಿಯ ಎನ್ನುತ್ತಿದ್ದರು. 2012ರಲ್ಲಿ ವಿಜ್ಞಾನಿಗಳು ಅದನ್ನು ಮೋನೂನ್ ಲಾಂಗಿಫೋಲಿಯಮ್ ಎಂದು ಬದಲಾಯಿಸಿದರು. ಆದರೆ ಹಳೆಯ ಹೆಸರು ಪರ್ಯಾಯನಾಮವಾಗಿ ಗ್ರಂಥಗಳಲ್ಲಿ ಉಳಿದಿದೆ. ಹಳೆಯ ಹೆಸರಿನಿಂದ ಹೊಸದಕ್ಕೆ ದಾರಿಯುಂಟು. ಹೆಸರೇ ಇಲ್ಲದಲ್ಲಿಂದ ಯಾವ ದಾರಿಯೂ ಇಲ್ಲ. ಇನ್ನು ಕೆಲವರು, ಮೊಬೈಲಿನಿಂದ ಚಿತ್ರ ತೆಗೆದರೆ ಯಂತ್ರವೇ ಹೆಸರನ್ನು ಹೇಳುವ ಈ ಕಾಲದಲ್ಲಿ ತಗಡೇಕೆ ಎನ್ನುತ್ತಾರೆ. ಈ ಸಾಧನ ಉಪಯುಕ್ತವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಎಳೆಯ ಕಸಿಗಿಡದ ಚಿತ್ರವನ್ನು ನೋಡಿ ಅದು ‘ಮಾವು’ ಎಂದಷ್ಟೇ ಹೇಳೀತು. ಮಲ್ಲಿಕಾ ಎಂದೋ ಅಮ್ರಪಾಲಿ ಎಂದೋ ನಿಶ್ಚಯವಾಗಿ ಹೇಳಲಾರದು. ಯಾವ ವರ್ಷ ನೆಟ್ಟದ್ದು, ಯಾವ ಊರಿನಿಂದ ತಂದದ್ದು ಎಂಬುದು ಚಿತ್ರದಲ್ಲಿ ಇರುವುದೇ ಇಲ್ಲ.

ಹೆಸರೂ ಸಂಖ್ಯೆಯೂ ಇರುವ ಮರವು ಒಂದು ಪ್ರಯೋಗಶಾಲೆಯಾಗಬಲ್ಲುದು. ಅದು ಯಾವ ವಾರದಲ್ಲಿ ಚಿಗುರಿತು, ಯಾವಾಗ ಹೂಬಿಟ್ಟಿತು ಎಂಬುದನ್ನು ಈ ವರ್ಷದ ವಿದ್ಯಾರ್ಥಿಗಳು ಬರೆದಿಟ್ಟರೆ, ಮುಂದಿನವರು ಅದೇ ಮರದ ಬಳಿ ನಿಂತು ಅದನ್ನು ಮುಂದುವರಿಸಬಹುದು. ಇಪ್ಪತ್ತು ವರ್ಷಗಳ ಅಂತಹ ದಾಖಲೆಯೊಂದು ಹವಾಗುಣದ ಬದಲಾವಣೆಯನ್ನು ಅಭ್ಯಸಿಸುವವರಿಗೆ ಅಮೂಲ್ಯವಾದ ಸಾಮಗ್ರಿ. ಯಾವ ಮರವೆಂದು ಗೊತ್ತಿಲ್ಲದ ದಾಖಲೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಆದಕಾರಣ ನಮ್ಮ ಸೂಚನೆ ಇದು: ಪ್ರತಿಯೊಂದು ಶಾಲೆಯ, ಕಾಲೇಜಿನ ವಿಜ್ಞಾನ ಸಂಘವೂ ಈ ವರ್ಷ ಹೊಸ ಸಸಿಗಳನ್ನು ನೆಡುವುದಕ್ಕೆ ಮೊದಲು, ಈಗಾಗಲೇ ಇರುವ ಗಿಡಮರಗಳಿಗೆ ಹೆಸರು ಹಚ್ಚುವ ಕೆಲಸವನ್ನು ಕೈಗೊಳ್ಳಲಿ. ತೋಟದ ಮಾಲಿಯನ್ನೂ ಊರಿನ ಹಿರಿಯರನ್ನೂ ಮೊದಲು ವಿಚಾರಿಸಬೇಕು. ಅವರು ಹೇಳಿದ ಹೆಸರನ್ನು ಪುಸ್ತಕದೊಡನೆಯೂ ಅಧ್ಯಾಪಕರೊಡನೆಯೂ ತಾಳೆ ನೋಡಬೇಕು. ನಿಶ್ಚಯವಾಗದ ಗಿಡಕ್ಕೆ ಊಹೆಯ ಹೆಸರನ್ನು ಕಟ್ಟದೆ ಸಂಖ್ಯೆಯನ್ನಷ್ಟೇ ಕಟ್ಟಬೇಕು. ಖಾಲಿ ಜಾಗವನ್ನು ಮುಂದೆ ತುಂಬಬಹುದು, ಸುಳ್ಳು ಹೆಸರನ್ನು ಅಳಿಸುವುದು ಸುಲಭವಲ್ಲ. ಈ ಕೆಲಸಕ್ಕೆ ದೊಡ್ಡ ಹಣ ಬೇಕಿಲ್ಲ. ಆದರೆ ತಡಮಾಡುವಂತಿಲ್ಲ, ಹೆಸರುಗಳನ್ನು ಬಲ್ಲ ಮಾಲಿಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳಬೇಕಾಗಿದೆ.