ಕಾರಿನ ಪೂರ್ವಾಪರಕ್ಕೆ ಮೊದಲ ಹೊಣೆ ಮಾರುವವರದು

ಬಳಸಿದ ಕಾರಿನ ಪೂರ್ವಾಪರ ವಿಚಾರಿಸುವುದು ಕೊಳ್ಳುವವರ ತಲೆನೋವು ಎಂಬ ಮಾತು ಎಷ್ಟು ರೂಢಿಯಾಗಿದೆಯೆಂದರೆ, ಆ ಹೊಣೆಯ ಮೊದಲ ಪಾಲನ್ನು ಕಾನೂನು ಮಾರುವವರ ಮೇಲೆ ಹೊರಿಸಿದೆ ಎಂಬುದನ್ನು ಸಾರಿಗೆ ಇಲಾಖೆ, ಪೊಲೀಸರು, ಅಂಕಣಕಾರರು ಎಲ್ಲರೂ ಮರೆತಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮಾರಿದವರು 14 ದಿನಗಳೊಳಗೆ ಆ ಸಂಗತಿಯನ್ನು ನೋಂದಣಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒಗೆ, ವರದಿ ಮಾಡಬೇಕು; ಕೊಂಡವರಿಗೆ ಇರುವ ಗಡುವು 30 ದಿನ. ಮಾರುವವರ ಗಡುವು ಮೊದಲು ಬರುತ್ತದೆ, ಕೊಳ್ಳುವವರದು ಆಮೇಲೆ. ಈ 14 ದಿನಗಳ ಗಡುವಿಗೆ ಬೆಲೆಯಿಲ್ಲದಿರುವಾಗ ಬಾನೆಟ್ ಎತ್ತಿ ನೋಡುವುದು, ಬಣ್ಣದ ದಪ್ಪ ಅಳೆಯುವುದು, ಸರ್ವಿಸ್ ಪುಸ್ತಕ ತಿರುವಿಹಾಕುವುದು ಇವೆಲ್ಲ ಕಾರಿನ ಯಂತ್ರದ ಸ್ಥಿತಿಯನ್ನಷ್ಟೇ ಹೇಳಬಲ್ಲವು. ಅದು ಯಾರ ಕೈಯಲ್ಲಿ ಎಷ್ಟು ಕಾಲ ಇತ್ತು ಎಂಬುದನ್ನು ಹೇಳಲಾರವು.

ಈ ಪ್ರಶ್ನೆ ಮತ್ತೆ ಚರ್ಚೆಗೆ ಬರಲು ಎರಡು ಕಾರಣಗಳಿವೆ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಸ್ಫೋಟಗೊಂಡ ಹರಿಯಾಣ ನೋಂದಣಿಯ ಕಾರು ಹಲವು ಕೈ ಬದಲಾಯಿಸಿತ್ತು. ಪೊಲೀಸರು ಮೊದಲು ತಲುಪಿದ್ದು ದಾಖಲೆಯಲ್ಲಿ ಹೆಸರು ಉಳಿದಿದ್ದ, ಕಾರನ್ನು ಎಂದೋ ಮಾರಿಬಿಟ್ಟಿದ್ದ ಹಳೆಯ ಮಾಲೀಕರನ್ನು. ಅದೇ ತಿಂಗಳ 21ರಿಂದ ಡಿಸೆಂಬರ್ 12ರವರೆಗೆ ಕರ್ನಾಟಕ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50ರ ರಿಯಾಯಿತಿಯನ್ನು ಇನ್ನೊಮ್ಮೆ ಘೋಷಿಸಿತು. ಒಂದು ಭಯೋತ್ಪಾದನೆಯ ವಿಷಯ, ಇನ್ನೊಂದು ದಂಡ ವಸೂಲಿಯ ವಿಷಯ. ಆದರೆ ವಾಹನ ಒಬ್ಬರ ಕೈಯಲ್ಲಿದ್ದು ಹೆಸರು ಇನ್ನೊಬ್ಬರದಾಗಿ ಉಳಿಯುವ ಸ್ಥಿತಿ ಮೊದಲನೆಯದರ ತನಿಖೆಯ ದಾರಿ ತಪ್ಪಿಸುತ್ತದೆ, ಎರಡನೆಯದರಲ್ಲಿ ಬಾಕಿಯ ರಾಶಿಯನ್ನು ಬೆಳೆಸುತ್ತದೆ. 2023ರ ಫೆಬ್ರುವರಿಯಲ್ಲಿ ಮೊದಲ ರಿಯಾಯಿತಿಯ ಒಂಬತ್ತೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ವಸೂಲಾದದ್ದನ್ನು ಸಾಧನೆಯೆಂದು ಬಣ್ಣಿಸಲಾಯಿತು. ಆ ಬಾಕಿಯಲ್ಲಿ ಎಷ್ಟು ಪಾಲು ಕಾರು ಮಾರಿದವರ ಹೆಸರಿಗೆ ಬಿದ್ದದ್ದು ಎಂದು ಯಾರೂ ಕೇಳಲಿಲ್ಲ.

ಗಡುವು ಹೇಗೆ ಸವೆಯುತ್ತದೆ ಎಂಬುದನ್ನು ಬನಶಂಕರಿಯಿಂದ ಜೆ.ಪಿ. ನಗರ ಹಾದು ಬಿಟಿಎಂ ಲೇಔಟ್‌ವರೆಗೆ ಹೊರವರ್ತುಲ ರಸ್ತೆಯುದ್ದಕ್ಕೂ ನಡೆಯುವ ಸೆಕೆಂಡ್ ಹ್ಯಾಂಡ್ ವ್ಯಾಪಾರದ ವಾಡಿಕೆಯಲ್ಲೇ ಕಾಣಬಹುದು. ಮಾರಾಟದ ಸೂಚನೆಗೆ ಫಾರಂ 29, ವರ್ಗಾವಣೆಯ ಅರ್ಜಿಗೆ ಫಾರಂ 30 ಎಂದು ನಿಯಮ ಹೇಳುತ್ತದೆ. ಮಾಲೀಕರು ಡೀಲರಿಗೋ ದಲ್ಲಾಳಿಗೋ ಕಾರು ಒಪ್ಪಿಸುವಾಗ ಈ ಎರಡೂ ಫಾರಂಗಳಿಗೆ ಸಹಿ ಮಾಡಿಕೊಡುತ್ತಾರೆ, ಆದರೆ ಕೊಳ್ಳುವವರ ಹೆಸರು ಮತ್ತು ದಿನಾಂಕದ ಜಾಗ ಖಾಲಿ ಇರುತ್ತದೆ. ಕಾರು ಮಳಿಗೆಯಲ್ಲಿ ತಿಂಗಳುಗಟ್ಟಲೆ ನಿಂತು, ಕೆಲವೊಮ್ಮೆ ಇನ್ನೊಬ್ಬ ದಲ್ಲಾಳಿಯ ಕೈಗೆ ದಾಟಿ, ಕೊನೆಗೆ ಗಿರಾಕಿ ಸಿಕ್ಕಾಗ ಆ ಜಾಗಗಳು ತುಂಬಿಕೊಳ್ಳುತ್ತವೆ. ಹಾಗೆ ತುಂಬಿದ ದಿನಾಂಕದಿಂದ ಎಣಿಸಿದರೆ 14 ದಿನಗಳ ಗಡುವನ್ನು ಯಾರೂ ಎಂದೂ ಮೀರಿದಂತೆ ಕಾಣುವುದೇ ಇಲ್ಲ. ಕಾರು ಕೈಬಿಟ್ಟ ದಿನಕ್ಕೂ ಹೆಸರು ಬದಲಾದ ದಿನಕ್ಕೂ ನಡುವೆ ಕಳೆದ ಅವಧಿ ದಾಖಲೆಯಿಂದಲೇ ಮಾಯವಾಗುತ್ತದೆ, ಮತ್ತು ಕಾರಿನ ಚರಿತ್ರೆಯಲ್ಲಿ ಕೊಳ್ಳುವವರು ಅತ್ಯಂತ ಮುಖ್ಯವಾಗಿ ತಿಳಿಯಬೇಕಾದ ಭಾಗ ಅದೇ ಆಗಿರುತ್ತದೆ.

ಈ ಅವಧಿಯಲ್ಲಿ ಅಪಘಾತವಾದರೆ ಏನಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನ್ಯಾಯಾಲಯದ ಮುಂದಿದ್ದ ಪ್ರಕರಣದಲ್ಲಿ ಮಾಲೀಕರು 2007ರ ಜುಲೈನಲ್ಲಿ ಕಾರನ್ನು ಮಾರಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ದಾಟಿತ್ತು. ನೋಂದಣಿ ಮಾತ್ರ ಬದಲಾಗಿರಲಿಲ್ಲ. 2009ರ ಮೇ ತಿಂಗಳಲ್ಲಿ ಆ ಕಾರು ಅಪಘಾತಕ್ಕೀಡಾಗಿ ಒಬ್ಬರ ಜೀವ ಹೋಯಿತು, ಕಾರಿಗೆ ವಿಮೆಯೂ ಇರಲಿಲ್ಲ. ಕಾಯ್ದೆಯ 2(30)ನೇ ಸೆಕ್ಷನ್ 'ಮಾಲೀಕ' ಎಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರು ಎಂದು ಹೇಳುವುದರಿಂದ, ಪರಿಹಾರದ ಹೊಣೆ ಸುಮಾರು ಎರಡು ವರ್ಷ ಹಿಂದೆ ಕಾರು ಮಾರಿದ್ದ ಮೊದಲ ಮಾಲೀಕರದೇ ಎಂದು ನ್ಯಾಯಾಲಯ ತೀರ್ಮಾನಿಸಿತು. ನೋಂದಣಿಯಾಗದ ಮಾರಾಟಗಳ ಜಾಡು ಹಿಡಿದು ಅಲೆಯುವ ಕಷ್ಟವನ್ನು ಪರಿಹಾರ ಕೇಳುವ ಕುಟುಂಬದ ಮೇಲೆ ಹೊರಿಸಬಾರದು ಎಂಬುದು ತೀರ್ಪಿನ ತರ್ಕ. ಈ ತೀರ್ಪು ಬಂದು ಇಷ್ಟು ವರ್ಷಗಳಾದರೂ, ಖಾಲಿ ಫಾರಂಗೆ ಸಹಿ ಮಾಡಿ 'ಡೆಲಿವರಿ ನೋಟ್' ಎಂಬ ಬಿಳಿ ಹಾಳೆಯೊಂದನ್ನು ಜೇಬಿಗೆ ಹಾಕಿಕೊಂಡರೆ ಹೊಣೆ ಕಳೆಯಿತು ಎಂದು ಜಯನಗರದ ವಿದ್ಯಾವಂತ ಮಾಲೀಕರೂ ನಂಬಿರುವುದು ಸೋಜಿಗ. ಮಾರಿದವರು ಮತ್ತು ಕೊಂಡವರ ನಡುವಿನ ವ್ಯಾಜ್ಯದಲ್ಲಿ ಆ ಹಾಳೆಗೆ ಬೆಲೆಯಿರಬಹುದು. ಗಾಯಗೊಂಡ ಮೂರನೆಯವರ ಎದುರು ಅದು ಮಾಲೀಕತ್ವವನ್ನು ಬದಲಿಸುವುದಿಲ್ಲ.

ಗಡುವಿಗೆ ಕಿಮ್ಮತ್ತಿಲ್ಲದಿರುವುದಕ್ಕೆ ಕಾಯ್ದೆಯೂ ಸ್ವಲ್ಪ ಕಾರಣ. ವರದಿ ಮಾಡದವರು ತೆರಬೇಕಾದ ಮೊತ್ತ ನೂರು ರೂಪಾಯಿ ಮೀರುವಂತಿಲ್ಲ ಎಂದು 1988ರಲ್ಲಿ 50ನೇ ಸೆಕ್ಷನ್ ಬರೆದವರು ಮಿತಿ ಹಾಕಿದ್ದರು. ಲಕ್ಷಗಟ್ಟಲೆ ಬೆಲೆಯ ವಸ್ತುವಿನ ವರ್ಗಾವಣೆಯನ್ನು ಮುಚ್ಚಿಡುವುದಕ್ಕೆ ನೂರು ರೂಪಾಯಿಯ ದಂಡವೆಂದರೆ ಅದು ಶಿಕ್ಷೆಯಲ್ಲ, ಪರವಾನಗಿ. ಹೊರರಾಜ್ಯದ ಕಾರುಗಳಲ್ಲಿ ಲೆಕ್ಕ ಇನ್ನಷ್ಟು ನೇರವಾಗಿದೆ. ಬಿಟಿಎಂ ಲೇಔಟ್‌ನ ಬಾಡಿಗೆ ಮನೆಗಳ ಮುಂದೆ ನಿಲ್ಲುವ ಬೇರೆ ರಾಜ್ಯಗಳ ಫಲಕದ ಕಾರುಗಳು ಇಲ್ಲೇ ಮಾರಾಟವಾದರೆ, ಮೂಲ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು ಮತ್ತು ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಹೊಸ ಕಾರಿಗೆ ಬೆಲೆಯ ಶೇ 13ರಿಂದ 18ರವರೆಗೆ ಬೀಳುವ ಈ ತೆರಿಗೆ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಇಳಿದರೂ, ಹೆಸರು ಬದಲಿಸದೆ ಓಡಿಸುವ ಆಸೆಯನ್ನು ಹುಟ್ಟಿಸಲು ಸಾಕಾಗುತ್ತದೆ. ಹನ್ನೆರಡು ತಿಂಗಳು ಮೀರಿ ಇಲ್ಲೇ ಇರುವ ವಾಹನಕ್ಕೆ ಹೊಸ ನೋಂದಣಿ ಸಂಖ್ಯೆ ಬೇಕೆಂಬ 47ನೇ ಸೆಕ್ಷನ್ ಅನ್ವಯವಾಗಬೇಕಾದರೆ ಆ ಹನ್ನೆರಡು ತಿಂಗಳು ಶುರುವಾದದ್ದು ಯಾವಾಗ ಎಂದು ಯಾರಿಗಾದರೂ ಗೊತ್ತಿರಬೇಕಷ್ಟೆ.

ಡೀಲರುಗಳ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪ್ರತಿ ಕಾರನ್ನೂ ಮೊದಲು ತಮ್ಮ ಹೆಸರಿಗೆ ಮಾಡಿಕೊಂಡು ಆಮೇಲೆ ಗಿರಾಕಿಗೆ ವರ್ಗಾಯಿಸಿದರೆ ಶುಲ್ಕ ಎರಡು ಸಲ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, 'ಸಿಂಗಲ್ ಓನರ್' ಎಂದು ಮಾರಬಹುದಾದ ಕಾರಿನ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಇನ್ನೊಂದು ಹೆಸರು ಸೇರಿ ಬೆಲೆ ಇಳಿಯುತ್ತದೆ ಎಂದು ಅವರು ಹೇಳುತ್ತ ಬಂದಿದ್ದರು. ಆ ವಾದಕ್ಕೆ 2022ರ ಡಿಸೆಂಬರ್‌ವರೆಗೆ ಅರ್ಥವಿತ್ತು. ಆ ತಿಂಗಳು ಕೇಂದ್ರ ಸಾರಿಗೆ ಸಚಿವಾಲಯ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಬಳಸಿದ ವಾಹನಗಳ ಡೀಲರುಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಮಾಲೀಕರು ಕಾರು ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಪೋರ್ಟಲ್‌ನಲ್ಲಿ ತಿಳಿಸಿದೊಡನೆ, ಪೂರ್ಣ ವರ್ಗಾವಣೆಯಿಲ್ಲದೆಯೇ, ಡೀಲರನ್ನು ಮಾಲೀಕರೆಂದು ಭಾವಿಸಿ ಹೊಣೆಯನ್ನು ಅವರಿಗೆ ದಾಟಿಸಲಾಗುತ್ತದೆ. ತಮ್ಮ ವಶದಲ್ಲಿರುವ ಕಾರು ಯಾವ ಉದ್ದೇಶಕ್ಕೆ, ಯಾರು ಓಡಿಸಿ, ಎಷ್ಟು ಕಿಲೋಮೀಟರ್ ಹೋಯಿತು ಎಂಬ ಎಲೆಕ್ಟ್ರಾನಿಕ್ ದಾಖಲೆಯನ್ನೂ ಅವರು ಇಡಬೇಕು. ಖಾಲಿ ಫಾರಂ ಮುಚ್ಚಿಡುತ್ತಿದ್ದ ಅವಧಿಯನ್ನೇ ಗುರಿಯಾಗಿಸಿ ಬರೆದ ನಿಯಮ ಇದು. ಇದು ಬಂದ ಮೇಲೆ ಖಾಲಿ ಫಾರಂಗೆ ಉಳಿದಿರುವುದು ಅಭ್ಯಾಸಬಲ ಮಾತ್ರ. ಹೀಗಿದ್ದರೂ ಕೊಳ್ಳುವವರಿಗೆ ಬುದ್ಧಿಮಾತು ಹೇಳುವ ಬರಹಗಳಲ್ಲಿ 'ಡೀಲರಿನ ಅಧಿಕಾರ ಪತ್ರ ತೋರಿಸಿ ಎಂದು ಕೇಳಿ' ಎಂಬ ಒಂದು ಸಾಲು ಹುಡುಕಿದರೂ ಸಿಗುವುದು ಅಪರೂಪ.

ಹದಿನಾಲ್ಕು ದಿನಗಳ ಗಡುವು ಇದೇ ಕಾಯ್ದೆಯಲ್ಲಿ ಇನ್ನೆರಡು ಕಡೆ ಇದೆ. 157ನೇ ಸೆಕ್ಷನ್ ಪ್ರಕಾರ ಕಾರಿನ ಜೊತೆ ವಿಮೆಯೂ ವರ್ಗಾವಣೆಯಾಯಿತೆಂದು ಭಾವಿಸಲಾಗುತ್ತದೆ, ಆದರೆ ಹೆಸರಿನ ಬದಲಾವಣೆಗೆ ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು. ಈ ಭಾವಿತ ವರ್ಗಾವಣೆ ಮೂರನೆಯವರಿಗಾದ ಹಾನಿಗೆ ಮಾತ್ರ ಅನ್ವಯಿಸುತ್ತದೆ, ಸ್ವಂತ ಕಾರಿನ ಹಾನಿಗೆ ಅಲ್ಲ ಎಂದು ಸುಪ್ರೀಂ ಕೋರ್ಟ್ ತೊಂಬತ್ತರ ದಶಕದಲ್ಲೇ ಹೇಳಿದೆ. ಹೊಸ ಮಾಲೀಕರು ಹಳೆಯ ಪಾಲಿಸಿಯ ಪ್ರತಿಯನ್ನು ಗ್ಲೋವ್ ಬಾಕ್ಸಿನಲ್ಲಿಟ್ಟುಕೊಂಡು ನಿಶ್ಚಿಂತರಾಗಿರುವುದು ಹುಸಿ ಧೈರ್ಯ.

ಇನ್ನೊಂದು 55ನೇ ಸೆಕ್ಷನ್. ನಾಶವಾದ ಅಥವಾ ಶಾಶ್ವತವಾಗಿ ಬಳಸಲಾಗದ ವಾಹನದ ಸಂಗತಿಯನ್ನು ಮಾಲೀಕರು 14 ದಿನಗಳೊಳಗೆ, ಅಥವಾ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಬೇಕು. 2025ರ ಮೇ ತಿಂಗಳ ಮಳೆಗೆ ಬಿಟಿಎಂ ಲೇಔಟ್‌ ಎರಡನೇ ಹಂತದ ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಗೆ ನೀರು ನುಗ್ಗಿ, ಅದನ್ನು ಹೊರಹಾಕುವಾಗ ಇಬ್ಬರು ವಿದ್ಯುದಾಘಾತಕ್ಕೆ ಬಲಿಯಾದದ್ದು ಸುದ್ದಿಯಾಯಿತು. ಅಂಥ ನೆಲಮಾಳಿಗೆಗಳಲ್ಲಿ ಮುಳುಗುವ ಕಾರುಗಳು ಮುಂದೆ ಏನಾಗುತ್ತವೆ ಎಂಬುದು ಸುದ್ದಿಯಾಗುವುದಿಲ್ಲ. ದುರಸ್ತಿ ವೆಚ್ಚ ವಿಮೆಯಲ್ಲಿ ಘೋಷಿಸಿದ ಮೌಲ್ಯದ ಶೇ 75ನ್ನು ಮೀರಿದರೆ ಕಾರನ್ನು ಪೂರ್ಣ ನಷ್ಟವೆಂದು ಎಣಿಸಿ, ಪರಿಹಾರ ಕೊಟ್ಟು, ಅವಶೇಷವನ್ನು ಹರಾಜಿಗೆ ಬಿಡಲಾಗುತ್ತದೆ. ಅದು 'ಶಾಶ್ವತವಾಗಿ ಬಳಸಲಾಗದ' ವಾಹನವಲ್ಲ ಎಂಬ ನೆಪದಲ್ಲಿ ನೋಂದಣಿ ಉಳಿಯುತ್ತದೆ. ಒಣಗಿಸಿ, ವೈರಿಂಗ್ ಬದಲಿಸಿ, ಹೊಸ ಸೀಟು ಹೊದಿಸಿದ ಕಾರು ಸ್ವಚ್ಛ ಆರ್‌ಸಿಯೊಂದಿಗೆ ಪೇಟೆಗೆ ಮರಳಬಹುದು. ವಾಹನ್ ಜಾಲತಾಣದಲ್ಲಿ ಕೊಳ್ಳುವವರಿಗೆ ಕಾಣುವುದು ಅರ್ಧ ಮರೆಮಾಡಿದ ಮಾಲೀಕರ ಹೆಸರು, ಎಷ್ಟನೇ ಮಾಲೀಕರೆಂಬ ಸಂಖ್ಯೆ, ವಿಮೆಯ ಅವಧಿ ಮತ್ತು ಸಾಲ ಕೊಟ್ಟ ಸಂಸ್ಥೆಯ ಹೆಸರು; ಮುಳುಗಿದ್ದು ಕಾಣುವುದಿಲ್ಲ.

ಮೀಟರ್ ತಿರುಗಿಸುವ ಮೋಸವೇ ದೊಡ್ಡದು ಎನ್ನುವವರು ಬೆಲ್ಜಿಯಂ ಉದಾಹರಣೆ ಕೊಡುತ್ತಾರೆ. ಅಲ್ಲಿ 2006ರ ಕೊನೆಯಿಂದ ಕಾರ್-ಪಾಸ್ ಎಂಬ ದಾಖಲೆ ಕಡ್ಡಾಯವಾಗಿದ್ದು, ಪ್ರತಿ ಗ್ಯಾರೇಜೂ ಕಿಲೋಮೀಟರ್ ಓದನ್ನು ಕೇಂದ್ರ ಸಂಗ್ರಹಕ್ಕೆ ಕಳಿಸಬೇಕು. ಉದಾಹರಣೆ ಒಳ್ಳೆಯದೇ. ಆದರೆ ಆ ದಾಖಲೆಯನ್ನು ಕೊಡಬೇಕಾದವರು ಮಾರುವವರು ಎಂಬ ಅದರ ಮುಖ್ಯ ಅಂಶವನ್ನೇ ಅವರು ಬಿಟ್ಟುಬಿಡುತ್ತಾರೆ.

ಮಾಲೀಕತ್ವ ವರ್ಗಾವಣೆಯ ಸೂಚನೆಯನ್ನು ಆಧಾರ್ ದೃಢೀಕರಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದಾದ 18 ಸೇವೆಗಳ ಪಟ್ಟಿಗೆ ಕೇಂದ್ರ 2021ರ ಮಾರ್ಚ್‌ನಲ್ಲೇ ಸೇರಿಸಿದೆ; ಆದ್ದರಿಂದ ಕಾರಿನ ಕೀಲಿ ಕೈ ಬದಲಾಗುವ ಮೊದಲು ಆ ಸೂಚನೆ ದಾಖಲಾಗಬೇಕೆಂದು ಒತ್ತಾಯಿಸಲು ತಾಂತ್ರಿಕ ಅಡ್ಡಿಯಿಲ್ಲ. ಡೀಲರುಗಳ ವಿಷಯದಲ್ಲಂತೂ ಬೇಕಾದ ದಿನಾಂಕ ಸರ್ಕಾರದ ಕೈಗೆಟಕುವ ಕಡೆಯೇ ಇದೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ನೋಂದಾಯಿತ ಡೀಲರುಗಳು ಮಾರುವ ಎಲ್ಲ ಬಳಸಿದ ಕಾರುಗಳ ಲಾಭಾಂಶದ ಮೇಲೆ, ಅಂದರೆ ಮಾರಿದ ಬೆಲೆಗೂ ಕೊಂಡ ಬೆಲೆಗೂ ಇರುವ ವ್ಯತ್ಯಾಸದ ಮೇಲೆ, ಶೇ 18 ತೆರಿಗೆ ನಿಗದಿ ಮಾಡಿತು. ವ್ಯತ್ಯಾಸ ಲೆಕ್ಕ ಹಾಕಲು ಖರೀದಿಯ ದಾಖಲೆ ಇರಲೇಬೇಕು. ಕೋರಮಂಗಲದಲ್ಲಾಗಲಿ ಜಯನಗರದಲ್ಲಾಗಲಿ, ಆರ್‌ಟಿಒ ಅಧಿಕಾರಿಯೊಬ್ಬರು ಆ ಖರೀದಿಯ ದಿನಾಂಕವನ್ನು ಮೇಜಿನ ಮೇಲಿರುವ ಫಾರಂ 29ರ ದಿನಾಂಕದೊಂದಿಗೆ ತಾಳೆ ನೋಡಿದರೆ, ಎರಡರ ನಡುವೆ ಕಳೆದುಹೋದ ತಿಂಗಳುಗಳು ಅಲ್ಲೇ ಸಿಗುತ್ತವೆ.