ಛತ್ರಕ್ಕೆ ಮುಂಗಡ ಕೊಡುವ ಮೊದಲು

ಮೈಸೂರಿನಲ್ಲಿ ಮದುವೆ ಗೊತ್ತಾದ ಮನೆಯವರು ಮೊದಲು ಓಡುವುದು ಛತ್ರಕ್ಕೆ, ಆಮೇಲೆ ಅಡುಗೆಯವರ ಹತ್ತಿರ, ಆಮೇಲೆ ದೇವರಾಜ ಅರಸು ರಸ್ತೆಯ ಅಂಗಡಿಗಳಿಗೆ. ಕಾಗದಪತ್ರ ನೆನಪಾಗುವುದು ಎಲ್ಲ ಮುಗಿದು, ವೀಸಾಕ್ಕೋ ಬ್ಯಾಂಕಿಗೋ ಯಾರಾದರೂ ಸರ್ಟಿಫಿಕೇಟು ಕೇಳಿದಾಗ. ಧಾರೆ ಎರೆಸಿಕೊಂಡು ಮದುವೆಯಾದವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ನಡೆಯುವುದು ಮಂಟಪದಲ್ಲಿ. ಕಚೇರಿ ಅದನ್ನು ಬರೆದಿಟ್ಟುಕೊಳ್ಳುತ್ತದೆ, ಅಷ್ಟೆ. ಲಗ್ನಪತ್ರಿಕೆ, ಮದುವೆ ಫೋಟೊ, ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು ಬೇಕು. 2024ರಿಂದ ಕಾವೇರಿ 2.0 ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು.

ತೊಡಕಿರುವುದು ಮಂಟಪದ ಶಾಸ್ತ್ರ ಬೇಡವೆನ್ನುವವರಿಗೆ. 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ದಾರಿ ಹಿಡಿಯುವವರು ಈ ಊರಿನಲ್ಲಿ ಇಂದಿಗೂ ಇದ್ದಾರೆ. ಆದರೆ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಕೇಳುವುದು ಹೆಣ್ಣಿನ ಕಡೆಯದೋ ಗಂಡಿನ ಕಡೆಯದೋ ಸಂಪ್ರದಾಯದ ವಿಧಿಯನ್ನು. ತಮಿಳುನಾಡು 1967ರ ತಿದ್ದುಪಡಿಯಲ್ಲಿ 7-ಎ ಸೇರಿಸಿ, ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹವನ್ನು ಒಪ್ಪಿಕೊಂಡಿತು. ನಮ್ಮಲ್ಲಿ ಅಂಥ ಸೆಕ್ಷನ್ ಇಲ್ಲ. ವಿಧಿಯೇ ನಡೆಯದೆ ಬರೀ ನೋಂದಣಿ ಮಾಡಿಸಿದರೆ ಅದು ಹಿಂದೂ ವಿವಾಹವಾಗದು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ಹಾಗಾಗಿ ಮಂತ್ರ ಮಾಂಗಲ್ಯದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಬೇರೆ ಬೇರೆ ಧರ್ಮದವರು, ಇಬ್ಬರೂ ಮತಾಂತರವಾಗದೆ ಮದುವೆಯಾಗಬೇಕೆಂದರೆ ಸಾಮಾನ್ಯವಾಗಿ ಹಿಡಿಯುವುದೂ ಇದೇ ದಾರಿ. ಸಲಿಂಗ ಜೋಡಿಗಳಿಗೆ ಇದೂ ಇಲ್ಲ. ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ ತೀರ್ಪು ಆ ವಿಚಾರವನ್ನು ಶಾಸನಸಭೆಗಳಿಗೆ ಬಿಟ್ಟಿತು.

ಈ ಕಾಯ್ದೆಯಲ್ಲಿ ಮೊದಲು ಕೊಡಬೇಕಾದದ್ದು ನೋಟಿಸು. ಇಬ್ಬರಲ್ಲಿ ಯಾರಾದರೂ ಒಬ್ಬರು ನೋಟಿಸು ಕೊಡುವ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ಕೆಲಸ ಹೆಬ್ಬಾಳದಲ್ಲಿ, ಆಧಾರ್ ವಿಳಾಸ ಮಾತ್ರ ಇನ್ನೂ ಕೊಳ್ಳೇಗಾಲದ್ದು ಎನ್ನುವವರು ಬಾಡಿಗೆ ಕರಾರು ಪತ್ರ ನಡೆಯುತ್ತದೆಯೇ ಎಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಲಿ. ನೋಟಿಸು ಪ್ರಕಟವಾದ ಮೇಲೆ 30 ದಿನ ಕಾಯಬೇಕು. ತಕರಾರು ತೆಗೆಯುವವರು ಜಾತಿಯನ್ನೋ ಅಪ್ಪ-ಅಮ್ಮನ ಕೋಪವನ್ನೋ ಮುಂದಿಡುವಂತಿಲ್ಲ. ವಯಸ್ಸು, ಬದುಕಿರುವ ಮೊದಲ ಸಂಗಾತಿ, ಒಪ್ಪಿಗೆ ಕೊಡುವ ಮನಃಸ್ಥಿತಿ, ನಿಷಿದ್ಧ ಸಂಬಂಧ, ಇವಷ್ಟೇ ಕಾರಣ. ಕೊನೆಯದು ನಮ್ಮ ಕಡೆ ಸಣ್ಣ ಮಾತಲ್ಲ. ಅಕ್ಕನ ಮಗಳೂ ಸೋದರತ್ತೆಯ ಮಗಳೂ ಈ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿದ್ದಾರೆ, ಸರ್ಕಾರ ಗೆಜೆಟ್‌ನಲ್ಲಿ ಒಪ್ಪಿದ ರೂಢಿಗಷ್ಟೇ ವಿನಾಯಿತಿ. ಸೋದರಿಕೆಯ ಸಂಬಂಧ ಬೆಳೆಸುವವರಿಗೆ, ರೂಢಿ ಇದ್ದರೆ, ಹಿಂದೂ ವಿವಾಹ ಕಾಯ್ದೆಯೇ ಸಲೀಸು.

ಇನ್ನು ಹೆಸರು. ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸವಿತ ಎಂ.ಎನ್.’ ಎಂದಿದೆ ಎಂದುಕೊಳ್ಳಿ. ಆಧಾರ್‌ನಲ್ಲಿ ಆಕೆ ‘ಸವಿತಾ ನಾಗರಾಜು’, ಇಂಗ್ಲಿಷಿನಲ್ಲಿ ಒಂದು ‘ಎ’ ಬೇರೆ ಹೆಚ್ಚು. ಎಂ ಎಂದರೆ ಮಳವಳ್ಳಿ, ಎನ್ ಎಂದರೆ ಅಪ್ಪ ಎಂಬುದು ಮನೆಯವರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅಂಕಪಟ್ಟಿ ತಿದ್ದಿಸುವುದು ಕಷ್ಟದ ಕೆಲಸ, ಆದ್ದರಿಂದ ಆಧಾರನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಒಂದನ್ನು ಹಾಳು ಮಾಡಬೇಡಿ. ಎರಡನೆಯ ಮದುವೆಯಾದರೆ ವಿಚ್ಛೇದನದ ತೀರ್ಪಿನ ದೃಢೀಕೃತ ಪ್ರತಿ ಅಥವಾ ಮೊದಲ ಸಂಗಾತಿಯ ಮರಣ ಪ್ರಮಾಣಪತ್ರ ಬೇಕು. ಜನನ ಪತ್ರ ಇಲ್ಲದವರಿಗೆ ಸದ್ಯಕ್ಕೆ ಅಂಕಪಟ್ಟಿಯೇ ಆಸರೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಹಾಗಲ್ಲ, ಜನನ ಪತ್ರವೇ ಆಧಾರ. ಅವರ ಮದುವೆಗೆ 2041ರವರೆಗೆ ಸಮಯವಿದೆ ಬಿಡಿ.

ವಿಶೇಷ ವಿವಾಹ ಕಾಯ್ದೆಯಲ್ಲಿ ಕಾಯುವ ಗಡುವಿನ ಹಾಗೆ ಮುಗಿಸುವ ಗಡುವೂ ಇದೆ: ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ಆ ದಿನ ಮೂವರು ಸಾಕ್ಷಿಗಳ ಎದುರು, ಒಬ್ಬರನ್ನೊಬ್ಬರು ಒಪ್ಪಿಕೊಳ್ಳಲು ಕಾಯ್ದೆ ಹೇಳುವ ಒಂದು ವಾಕ್ಯವನ್ನು ಕನ್ನಡದಲ್ಲೇ ಹೇಳಬಹುದು. ಹಿರಿಯರು ಶ್ರಾವಣದ ಮುಹೂರ್ತವೇ ಆಗಬೇಕೆಂದರೆ ಜಗಳ ಬೇಡ. ಆಷಾಢದಲ್ಲಿ ಮದುವೆ ಮಾಡುವುದಿಲ್ಲ, ಸರಿ. ನೋಟಿಸು ಕೊಡಲು ಅಡ್ಡಿಯೇನು? ಮೊದಲ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುವ ವಾರದಲ್ಲೇ ಕೊಟ್ಟರೆ, ಶ್ರಾವಣ ಕಳೆಯುವುದರೊಳಗೆ ಕಾಯುವ ದಿನಗಳು ಮುಗಿದಿರುತ್ತವೆ.