ಬೇನೆಯ ಭಾರವನ್ನು ಹಂಚಿಕೊಳ್ಳೋಣ

ಬರಗಾಲದ ಸಾಲವನ್ನು ಒಂದು ಒಳ್ಳೆಯ ಸುಗ್ಗಿಯು ತೀರಿಸಬಲ್ಲದು. ಬೇನೆಗಾಗಿ ಮಾಡಿದ ಸಾಲವನ್ನು ತೀರಿಸುವವರಾರು? ದುಡಿಯುವ ಕೈಯೇ ಹಾಸಿಗೆ ಹಿಡಿದಾಗ ಹೊಲವು ಒತ್ತೆ ಬೀಳುವದು, ಎತ್ತುಗಳು ಸಂತೆಗೆ ಹೋಗುವವು, ಹುಡುಗನು ಶಾಲೆಯನ್ನು ಬಿಡುವನು. ಉಪಾಧ್ಯಾಯರಾದ ನಮ್ಮ ವಾಚಕರು ಇದನ್ನು ತಮ್ಮ ಹಾಜರಿ ಪುಸ್ತಕದಲ್ಲಿಯೇ ಕಂಡಿರುವರು.

ಹಣವಿಲ್ಲವೆಂಬ ಕಾರಣಕ್ಕೆ ಯಾರೂ ತಕ್ಕ ಚಿಕಿತ್ಸೆಗೆ ಎರವಾಗಬಾರದೆಂದು ಭೋರ್ ಸಮಿತಿಯು 1946ರಲ್ಲಿಯೇ ಸಾರಿತು. ಮುಂದೆ ಹತ್ತು ವರ್ಷಗಳಲ್ಲಿ, 1956ರ ನವೆಂಬರ 1ರಂದು, ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ನಾಡು ಒಂದಾಯಿತು, ನಿಜ. ನಾಡಿಗರ ಕಷ್ಟಸುಖಗಳು ಒಂದಾದವೇ? ಯಾದಗಿರಿಯ ಕೂಲಿಕಾರನ ಬೇನೆಯು ಬೆಂಗಳೂರಿನ ಕನ್ನಡಿಗನ ಎದೆಗೆ ತಟ್ಟದಿದ್ದರೆ ಏಕೀಕರಣವು ನಕಾಶೆಯ ಮೇಲಿನ ಬಣ್ಣವಾಗಿಯೇ ಉಳಿಯುವದು.

ಇದಕ್ಕೆ ಉಪಾಯವನ್ನು ನಾವು ಪರದೇಶದಿಂದ ತರಬೇಕಾಗಿಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿ, ಒಬ್ಬನಿಗೆ ಹೊರಲಾಗದ ಹೊರೆಯನ್ನು ಹತ್ತು ಮಂದಿ ಹೊರಬಲ್ಲರೆಂದು ತೋರಿಸಿದರು. 2003ರಲ್ಲಿ ಕಾರ್ಯಕ್ಕೆ ಬಂದ ಯಶಸ್ವಿನಿ ಯೋಜನೆಯು ಇದೇ ತತ್ತ್ವವನ್ನು ಆರೋಗ್ಯಕ್ಕೆ ಅನ್ವಯಿಸಿತು. ಸಹಕಾರಿ ಸಂಘದ ಸದಸ್ಯನು ತಿಂಗಳಿಗೆ 5 ರೂಪಾಯಿ ಕೊಟ್ಟನು; ಸರಕಾರವು ತನ್ನ ಪಾಲನ್ನು ಸೇರಿಸಿತು; ಶಸ್ತ್ರಚಿಕಿತ್ಸೆ ಬೇಕಾದವನಿಗೆ ಆ ನಿಧಿಯು ಒದಗಿತು. ಸಾವಿರ ಮಂದಿಯಲ್ಲಿ ಕತ್ತರಿಗೆ ಮೈಯೊಡ್ಡಬೇಕಾದವರು ಕೆಲವರೇ ಆದುದರಿಂದ ಈ ಲೆಕ್ಕವು ಹೊಂದಿತು. 2018ರಲ್ಲಿ ಬೇರೊಂದು ಯೋಜನೆಯಲ್ಲಿ ಲೀನವಾದ ಇದನ್ನು 2022ರಲ್ಲಿ ಮರಳಿ ಎತ್ತಿ ನಿಲ್ಲಿಸಲಾಯಿತು.

ಆದರೆ ಬಡವನ ಗಂಟು ಕರಗುವದು ದೊಡ್ಡ ದವಾಖಾನೆಯಲ್ಲಿ ಮಾತ್ರವಲ್ಲ. ಸಕ್ಕರೆ ರೋಗ, ರಕ್ತದ ಒತ್ತಡಗಳ ಗುಳಿಗೆಗಳನ್ನು ಬದುಕಿರುವವರೆಗೂ ಕೊಳ್ಳಬೇಕು. ಹಣ ಸಾಲದೆ ಎರಡು ತಿಂಗಳು ಗುಳಿಗೆ ಬಿಟ್ಟವನೇ ಮುಂದೆ ಲಕ್ವ ಹೊಡೆದು ದವಾಖಾನೆಯ ಬಾಗಿಲಿಗೆ ಬರುವನು. ಅಗ್ಗದ ಗುಳಿಗೆಯನ್ನು ಒದಗಿಸದೆ ದುಬಾರಿಯ ಚಿಕಿತ್ಸೆಗೆ ಹಣ ಸುರಿಯುವದು, ತೂತನ್ನು ಮುಚ್ಚದೆ ಕೊಡಕ್ಕೆ ನೀರು ಹೊತ್ತಂತೆ.

ಈ ತೂತನ್ನು ಮುಚ್ಚಲು ದಾರಿಯುಂಟು. ವ್ಯಾಪಾರದ ಹೆಸರಿಲ್ಲದ ಮೂಲನಾಮದ ಔಷಧಗಳನ್ನು ಮಾರುವ ಜನೌಷಧಿ ಕೇಂದ್ರಗಳನ್ನು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೂ ತೆರೆಯಬಹುದೆಂದು ಕೇಂದ್ರ ಸರಕಾರವು 2023ರಲ್ಲಿ ನಿರ್ಣಯಿಸಿತು. ಬೀಜ ಗೊಬ್ಬರಗಳನ್ನು ಒದಗಿಸುವ ಸಂಘವು ಔಷಧವನ್ನೇಕೆ ಒದಗಿಸಬಾರದು? ಔಷಧ ಕೊಡಲು ಕಾಯದೆಯಂತೆ ನೋಂದಾಯಿತ ಔಷಧಜ್ಞನೊಬ್ಬನು ಬೇಕು. ಅವನ ಸಂಬಳವು ಒಂದು ಸಂಘಕ್ಕೆ ಭಾರವಾದರೆ ನೆರೆಯ ನಾಲ್ಕು ಊರುಗಳ ಸಂಘಗಳು ಕೂಡಿ ಒಂದು ಅಂಗಡಿಯನ್ನು ನಡೆಯಿಸಲಿ.

ಅಗ್ಗದ ಔಷಧವು ಕೀಳೆಂದು ಅನುಮಾನಿಸುವವರುಂಟು. ಬೆಲೆಯನ್ನು ಏರಿಸುವದು ಬಹುಮಟ್ಟಿಗೆ ಹೆಸರೂ ಪ್ರಚಾರವೂ ನಡುವಿನವರ ಲಾಭವೂ ಹೊರತು ಗುಳಿಗೆಯೊಳಗಿನ ಮದ್ದಲ್ಲ. ಆದರೂ ಅನುಮಾನವನ್ನು ಮಾತಿನಿಂದ ಕಳೆಯಲಾಗದು. ಸರಕಾರವು ಮೇಲಿಂದ ಮೇಲೆ ಪರೀಕ್ಷೆ ಮಾಡಿಸಿ, ಫಲವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಮೂಲನಾಮದಿಂದಲೇ ಔಷಧ ಬರೆಯಬೇಕೆಂದು ವೈದ್ಯರಿಗೆ 2016ರಲ್ಲಿ ವಿಧಿಸಿದ ನಿಯಮವೂ ಕಾಗದದಿಂದ ಕೆಳಗಿಳಿಯಬೇಕು.

ಎಲ್ಲವನ್ನೂ ಸರಕಾರವೇ ಮಾಡಲಿ ಎನ್ನುವವರಿಗೆ ನಮ್ಮ ಉತ್ತರವಿಷ್ಟೇ. ಹಿಂದುಳಿದ ತಾಲೂಕುಗಳಲ್ಲಿ ವೈದ್ಯರನ್ನು ನಿಲ್ಲಿಸುವದು, ವರ್ಗಣಿ ಕೊಡಲಾರದವನ ಪಾಲನ್ನು ತುಂಬುವದು ಸರಕಾರದ ಹೊಣೆ. ಅದರಿಂದ ಅದಕ್ಕೆ ಬಿಡುಗಡೆಯಿಲ್ಲ. ಆದರೆ ತನ್ನ ಊರಿನ ಸಂಘದಲ್ಲಿ ಪಾಲಿರುವವನು ಲೆಕ್ಕ ಕೇಳುವ ಹಕ್ಕನ್ನೂ ಪಡೆಯುವನು. ಬೇಡುವವನಿಗೆ ಆ ಹಕ್ಕು ಎಲ್ಲಿಯದು?

ಉಪಾಧ್ಯಾಯ ಬಂಧುಗಳೇ, ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ನೀವು ಎದ್ದು ನಿಂತು ಈ ಒಂದು ಪ್ರಶ್ನೆಯನ್ನು ಕೇಳಿರಿ: ನಮ್ಮ ಸಂಘದಲ್ಲಿ ಔಷಧದ ಅಂಗಡಿ ಎಂದು?